ಹಗ್ಗ ಹೆಣೆದುಕೊಟ್ಟವರಿಗೆ

ವರ್ಮಾಂಟ್‌ನಲ್ಲಿ ಸ್ವಯಂಸೇವಕರೇ ನಡೆಸುವ ನಮ್ಮ ಪುಟ್ಟ ಸ್ಕೀ ಗುಡ್ಡದ ಎಳೆಹಗ್ಗ (ಸ್ಕೀ ಆಡುವವರು ಹಿಡಿದುಕೊಂಡು ಗುಡ್ಡ ಏರುವ, ಯಂತ್ರ ಎಳೆಯುವ ಹಗ್ಗ) ಶಾಲಾ ರಜೆಯ ವಾರದಲ್ಲೇ ತುಂಡಾದಾಗ, ಪಕ್ಕದ ಕಣಿವೆಯ ದೊಡ್ಡ ಸ್ಕೀ ತಾಣದಲ್ಲಿ ತಮ್ಮ ಪಾಳಿ ಮುಗಿಸಿ ಬಂದು, ಹೆಸರನ್ನೂ ಹೇಳದೆ ಹೊರಟುಹೋದ ಸ್ಕೀ ಲಿಫ್ಟ್ ಮೆಕ್ಯಾನಿಕ್ ಅವರಿಗೆ ಹೃತ್ಪೂರ್ವಕ ಧನ್ಯವಾದಗಳು. ಗಂಟು ಹಾಕಿದರೆ ಹಗ್ಗ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಅವರು ಕೈಗವಸು ಕಳಚಿಟ್ಟು, ಎರಡೂ ತುದಿಗಳ ಎಳೆಗಳನ್ನು ಉದ್ದಕ್ಕೆ ಬಿಚ್ಚಿ, ದಪ್ಪ ಎಲ್ಲೂ ಹೆಚ್ಚದಂತೆ ಒಂದರೊಳಗೊಂದು ಹೆಣೆದರು. 1934ರಲ್ಲಿ ಅಮೆರಿಕದ ಮೊದಲ ಎಳೆಹಗ್ಗ ಫೋರ್ಡ್ ಕಾರಿನ ಎಂಜಿನ್ ಬಲದಿಂದ ಓಡಿದ್ದು ಇದೇ ರಾಜ್ಯದ ವುಡ್‌ಸ್ಟಾಕ್‌ನಲ್ಲಾದರೂ, ಈ ಹೆಣಿಗೆ ಬಲ್ಲವರು ನಮ್ಮ ಗುಡ್ಡದಲ್ಲಿ ಯಾರೂ ಇರಲಿಲ್ಲ. ವಾರಾಂತ್ಯದ ಗಿರಾಕಿಗಳಿಗಾಗಿ ನಮ್ಮೊಡನೆ ಪೈಪೋಟಿ ನಡೆಸುವ ತಾಣವೇ ಅವರನ್ನು ಕಳುಹಿಸಿತ್ತು. ಇಲ್ಲಿ ಕಲಿತ ಮಕ್ಕಳು ಮುಂದೆ ಅಲ್ಲಿ ಟಿಕೆಟ್ ಕೊಳ್ಳುತ್ತಾರೆಂಬ ಲೆಕ್ಕಾಚಾರವೂ ಇದ್ದೀತು, ಇರಲಿ. ಅವರ ಹೆಣಿಗೆಯ ದಬ್ಬಳ ನಮ್ಮ ಶೆಡ್ಡಿನಲ್ಲೇ ಉಳಿದಿದೆ. ದಯವಿಟ್ಟು ಬಂದು ಪಡೆಯಬೇಕು.