ಅಲಂಕಾರ, ಛಂದಸ್ಸು ಮತ್ತು ನಿಮ್ಮ ಮನೆಯ ಮಾತು: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ.

ಮಧ್ಯವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳು ಈ ವಾರ ಮಕ್ಕಳ ಕೈಯಲ್ಲಿ ಮನೆಗೆ ಬರುತ್ತಿವೆ. ನೋಡಿ, ಸಹಿ ಹಾಕಿ ಕಳಿಸಿ. ಅಂಕಗಳ ಬಗ್ಗೆ ತರಗತಿ ಶಿಕ್ಷಕರು ನಿಮ್ಮ ಜೊತೆ ಮಾತಾಡುತ್ತಾರೆ. ನಾನು ಬರೆಯುತ್ತಿರುವುದು ಕನ್ನಡ ಪತ್ರಿಕೆಯ ಒಂದೇ ಒಂದು ಪ್ರಶ್ನೆಯ ಬಗ್ಗೆ. ಎಂಟರಿಂದ ಹತ್ತನೇ ತರಗತಿವರೆಗಿನ ಮಕ್ಕಳ ಪೋಷಕರು ದಯವಿಟ್ಟು ಪೂರ್ತಿ ಓದಿ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಮಕ್ಕಳ ಕೈಲೇ ಓದಿಸಿ ಕೇಳಿಸಿ. ಈ ಪತ್ರ ಅವರಿಗೂ ಸೇರಿದ್ದು.

ಆ ಪ್ರಶ್ನೆ ಹೀಗಿರುತ್ತದೆ: ಒಂದು ವಾಕ್ಯ ಕೊಟ್ಟು, ‘ಇಲ್ಲಿರುವ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು ಸಮನ್ವಯಿಸಿ’ ಅನ್ನುತ್ತಾರೆ. ಹೆಸರು ನಮ್ಮ ಮಕ್ಕಳಿಗೆ ಗೊತ್ತಿದೆ. ಲಕ್ಷಣವನ್ನು ಗೈಡು ನೋಡಿ ಉರು ಹೊಡೆದಿರುತ್ತಾರೆ, ಒಂದಕ್ಷರ ತಪ್ಪದೆ ಬರೆಯುತ್ತಾರೆ. ಮೂರನೆಯದು ಸಮನ್ವಯ. ಆ ಲಕ್ಷಣ ಈ ವಾಕ್ಯಕ್ಕೆ ಹೇಗೆ ಹೊಂದುತ್ತದೆ ಅಂತ ತೋರಿಸಬೇಕು. ಅಲ್ಲಿಗೆ ಬಂದ ಕೂಡಲೇ ಪೆನ್ನು ನಿಂತುಬಿಡುತ್ತದೆ. ‘ಆದ್ದರಿಂದ ಇದು ಉಪಮಾಲಂಕಾರವಾಗಿದೆ’ ಅಂತ ಒಂದು ಸಾಲು ಗೀಚಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ನನ್ನ ಪ್ರಕಾರ ಇಡೀ ಪ್ರಶ್ನೆಯ ಜೀವ ಇರುವುದೇ ಸಮನ್ವಯದಲ್ಲಿ. ಹೆಸರು, ಲಕ್ಷಣ ಎರಡೂ ಅಲ್ಲಿಗೆ ತಲುಪಿಸುವ ದಾರಿ, ಅಷ್ಟೇ. ಇದನ್ನು ಮಕ್ಕಳಿಗೆ ಕಲಿಸುವುದಕ್ಕೆ ಶಾಲೆಯ ಪಿರಿಯಡ್ ಒಂದೇ ಸಾಲದು, ನಿಮ್ಮ ಸಹಾಯ ಬೇಕು. ಅದಕ್ಕೇ ಈ ಪತ್ರ.

ಬಸವಣ್ಣನವರ ಒಂದು ವಚನ ತೆಗೆದುಕೊಳ್ಳೋಣ. ನಿಮ್ಮಲ್ಲಿ ಬಹಳ ಜನಕ್ಕೆ ಇದು ಬಾಯಲ್ಲೇ ಇದೆ.

‘ನುಡಿದರೆ ಮುತ್ತಿನ ಹಾರದಂತಿರಬೇಕು,
ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು,
ನುಡಿದರೆ ಸ್ಫಟಿಕದ ಶಲಾಕೆಯಂತಿರಬೇಕು.’

ಇದು ಉಪಮೆ. ಉಪಮೆಗೆ ನಾಲ್ಕು ಅಂಗ ಅಂತ ಮಕ್ಕಳು ಓದುತ್ತಾರೆ. ಯಾವುದನ್ನು ಹೋಲಿಸುತ್ತೇವೋ ಅದು ಉಪಮೇಯ, ಇಲ್ಲಿ ನುಡಿ. ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ. ಇಲ್ಲಿ ಮುತ್ತಿನ ಹಾರ. ಹೋಲಿಕೆಯನ್ನು ಸೂಚಿಸುವ ‘ಅಂತೆ’ ಉಪಮಾವಾಚಕ. ಇನ್ನು ಉಳಿದದ್ದು ಸಮಾನಧರ್ಮ, ಅಂದರೆ ಎರಡರಲ್ಲೂ ಇರುವ ಒಂದೇ ಗುಣ. ಅದೆಲ್ಲಿದೆ? ಹುಡುಕಿ ನೋಡಿ, ವಚನದಲ್ಲಿ ಇಲ್ಲ. ಬಸವಣ್ಣನವರು ಹೇಳದೆ ಬಿಟ್ಟಿದ್ದಾರೆ. ಒಂದು ಅಂಗ ಬಿಟ್ಟುಹೋದರೆ ಅದನ್ನು ಲುಪ್ತೋಪಮೆ ಅನ್ನುತ್ತಾರೆ ಅಂತ ಪುಸ್ತಕ ಹೇಳುತ್ತದೆ. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ, ನಿಜವಾದ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಮಾತು ಯಾಕೆ ಮುತ್ತಿನ ಹಾರದ ಹಾಗಿರಬೇಕು? ಬರೀ ಮುತ್ತಿನ ಹಾಗೆ ಅಂದಿದ್ದರೆ ಸಾಕಿತ್ತಲ್ವಾ? ಒಂಬತ್ತನೇ ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು: ‘ಹಾರ ಅಂದ್ರೆ ದಾರ ಇರುತ್ತೆ ಮೇಡಂ. ಒಂದು ಮಾತಿಗೂ ಇನ್ನೊಂದು ಮಾತಿಗೂ ಸಂಬಂಧ ಇರ್ಬೇಕು.’ ಮಾಣಿಕ್ಯ ಯಾಕೆ ಅಂದರೆ ಬೆಳಕು ಕೊಡುತ್ತದೆ. ಸ್ಫಟಿಕದ ಶಲಾಕೆ, ಅಂದರೆ ಕಡ್ಡಿ, ಯಾಕೆ ಅಂದರೆ ನೆಟ್ಟಗಿರುತ್ತದೆ, ಆಚೆ ಬದಿ ಕಾಣುತ್ತದೆ, ಒಳಗೆ ಏನೂ ಮುಚ್ಚಿಡುವುದಿಲ್ಲ. ಮೂರು ಉಪಮೆ, ಮೂರು ಬೇರೆ ಬೇರೆ ಗುಣ. ಒಂದನ್ನು ತೆಗೆದು ಇನ್ನೊಂದನ್ನು ಅಲ್ಲಿಡಲು ಆಗುವುದಿಲ್ಲ. ಆ ಹುಡುಗಿ ಹೇಳಿದ್ದೇ ಸಮನ್ವಯ. ಯಾವ ಗೈಡಿನಲ್ಲೂ ಅದು ಸಿಗುವುದಿಲ್ಲ, ಯಾಕೆಂದರೆ ಅದನ್ನು ಅವಳೇ ಯೋಚಿಸಿದ್ದು.

ರೂಪಕ ಇದರ ಪಕ್ಕದ್ದೇ. ‘ಸೀತೆಯ ಮುಖ ಕಮಲದಂತೆ ಅರಳಿತು’ ಅಂದರೆ ಉಪಮೆ. ನಾಲ್ಕು ಅಂಗವೂ ಇದೆ, ಹಾಗಾಗಿ ಪೂರ್ಣೋಪಮೆ. ‘ಸೀತೆಯ ಮುಖಕಮಲ ಅರಳಿತು’ ಅಂದರೆ ರೂಪಕ. ಮುಖ ಬೇರೆ, ಕಮಲ ಬೇರೆ ಅನ್ನುವ ಭೇದವೇ ಹೋಯಿತು. ಉತ್ಪ್ರೇಕ್ಷೆಯಲ್ಲಿ ಮಾತ್ರ ಮಕ್ಕಳು ತುಂಬಾ ಎಡವುತ್ತಾರೆ. ನಾವು ದಿನಾ ಮಾತಾಡುವಾಗ ಇದ್ದದ್ದಕ್ಕಿಂತ ಜಾಸ್ತಿ ಹೇಳುವುದನ್ನು ಉತ್ಪ್ರೇಕ್ಷೆ ಅನ್ನುತ್ತೇವಲ್ಲ, ಅದಕ್ಕೆ ಈ ಗೊಂದಲ. ಅಲಂಕಾರದ ಲೆಕ್ಕದಲ್ಲಿ ಹಾಗೆ ಮಿತಿ ಮೀರಿ ಹೇಳುವುದು ಅತಿಶಯೋಕ್ತಿ. ಒಂದನ್ನು ನೋಡಿ ‘ಇದು ಅದೇ ಇರಬಹುದೇನೋ’ ಅಂತ ಕಲ್ಪಿಸಿಕೊಂಡರೆ ಉತ್ಪ್ರೇಕ್ಷೆ. ‘ಮಳೆ ನಿಂತ ಮೇಲೆ ತೆಂಗಿನ ಗರಿಗಳು ತಲೆ ಒರೆಸಿಕೊಳ್ಳುತ್ತಿವೆಯೋ ಎಂಬಂತೆ ಅಲುಗುತ್ತಿದ್ದವು’ ಅಂತ ನಮ್ಮ ಶಾಲೆಯ ಹುಡುಗನೇ ಒಬ್ಬ ಬರೆದಿದ್ದಾನೆ. ಓದಿ ನನಗೆ ತುಂಬಾ ಖುಷಿಯಾಯಿತು.

ಇನ್ನು ಛಂದಸ್ಸು, ಅಂದರೆ ಪದ್ಯದ ನಡೆಯ ಅಳತೆ. ಇದನ್ನು ಕಂಡರೆ ಮಕ್ಕಳಿಗೂ ಭಯ, ಮನೆಯವರಿಗೂ ಭಯ. ಗಣಿತದ ಹಾಗೆ ಕಾಣುತ್ತದೆ, ನಿಜ. ಆದರೆ ಇದು ಕಿವಿಯ ವಿಷಯ. ಕಿವಿಗೆ ಹಿಡಿದದ್ದನ್ನು ಆಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕುವುದು, ಅದೇ ಪ್ರಸ್ತಾರ. ಸರ್ವಜ್ಞನ ಈ ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ, ನೋಡಿ.

‘ಸರ್ವಜ್ಞನೆಂಬುವನು ಗರ್ವದಿಂದಾದವನೆ
ಸರ್ವರೊಳು ಒಂದೊಂದು ನುಡಿಗಲಿತು ವಿದ್ಯೆಯ
ಪರ್ವತವೆ ಆದ ಸರ್ವಜ್ಞ.’

ಮೊದಲ ಸಾಲನ್ನು ಮಾತ್ರ ಬಿಡಿಸೋಣ. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ ಮಾತ್ರೆ. ಒಂದು ಮಾತ್ರೆಯ ಅಕ್ಷರ ಲಘು, ಬಟ್ಟಲಿನ ಆಕಾರದ ಗುರುತು. ಎರಡು ಮಾತ್ರೆಯದು ಗುರು, ಅಡ್ಡ ಗೀಟು. ದೀರ್ಘವಿದ್ದರೆ, ಸೊನ್ನೆ ಇದ್ದರೆ, ಮುಂದೆ ಒತ್ತಕ್ಷರ ಬಂದರೆ ಆ ಅಕ್ಷರ ಗುರು. ಹಾಗಾಗಿ ‘ಸರ್ವಜ್ಞ’ದಲ್ಲಿ ‘ಸ’ ಗುರು, ‘ರ್ವ’ ಗುರು, ‘ಜ್ಞ’ ಲಘು. ಎರಡು, ಎರಡು, ಒಂದು, ಒಟ್ಟು 5. ಮುಂದಿನ ‘ನೆಂಬುವನು’ ಕೂಡ 5. ‘ಗರ್ವದಿಂ’ 5. ‘ದಾದವನೆ’ 5. ಐದೈದು ಮಾತ್ರೆಯ ನಾಲ್ಕು ಗುಂಪು, ಅಂದರೆ ನಾಲ್ಕು ಗಣ, ಒಂದು ಕೂದಲಿನಷ್ಟೂ ಹೆಚ್ಚುಕಮ್ಮಿ ಇಲ್ಲ. ‘ಗರ್ವದಿಂದಾದವನೆ’ಯನ್ನು ‘ಗರ್ವದಿಂದ’ ಅಂತ ಪದ ಮುಗಿದ ಕಡೆ ಕತ್ತರಿಸಿದರೆ ಲೆಕ್ಕ ಕೆಡುತ್ತದೆ. ಗಣ ಮುಗಿಯುವ ಜಾಗವೇ ಬೇರೆ, ಪದ ಮುಗಿಯುವ ಜಾಗವೇ ಬೇರೆ. ಮಕ್ಕಳು ಅಂಕ ಕಳೆದುಕೊಳ್ಳುವುದು ಸಾಮಾನ್ಯವಾಗಿ ಇಲ್ಲೇ. ಜೋರಾಗಿ ಹೇಳಿ, ಚಪ್ಪಾಳೆ ತಟ್ಟಿ ನೋಡಿದರೆ ಈ ತಪ್ಪು ಆಗುವುದೇ ಇಲ್ಲ.

ಅದೇ ಪದ್ಯದಲ್ಲಿ ಸರ್ವ, ಗರ್ವ, ಪರ್ವ ಅಂತ ಎರಡನೆಯ ಅಕ್ಷರ ಒಂದೇ ಆಗಿ ಬರುತ್ತದೆ. ಅದು ಆದಿಪ್ರಾಸ. ‘ವಿದ್ಯೆಯ ಪರ್ವತ’ ರೂಪಕ. ಮೂರೇ ಸಾಲು! ಎಲ್ಲರ ಹತ್ತಿರ ಒಂದೊಂದು ಮಾತು ಕಲಿತವನು ಬೆಟ್ಟದಷ್ಟಾದ ಅನ್ನುವ ಅರ್ಥಕ್ಕೆ ಆ ‘ರ್ವ’ ಒಂದರ ಮೇಲೊಂದು ಕೂತು ಬೆಳೆಯುವ ಸದ್ದೂ ಜೊತೆಗಿದೆ. ಇದನ್ನು ಒಂದು ಸಲ ಕೇಳಿಸಿಕೊಂಡ ಮಗುವಿಗೆ ಪ್ರಾಸ ಅಂದರೇನು ಅಂತ ಮತ್ತೆ ಹೇಳಿಕೊಡಬೇಕಾಗಿಲ್ಲ.

ಇದೇ ತ್ರಿಪದಿ ಛಂದಸ್ಸಿನ ಇನ್ನೊಂದು ಪದ್ಯ ಬಾದಾಮಿಯ ಬಂಡೆಯ ಮೇಲೂ ಇದೆ. ಕಪ್ಪೆ ಅರಭಟ್ಟನ ಶಾಸನ, ಸುಮಾರು ಕ್ರಿ.ಶ. 700ರದ್ದು. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್, ಮಾಧವನೀತನ್ ಪೆರನಲ್ಲ.’ ಸಾಧು, ಬಾಧಿ, ಮಾಧ: ಸಾಲು ಸಾಲಿಗೂ ಎರಡನೆಯ ಅಕ್ಷರ ‘ಧ’ಕಾರ. ಈ ಸಲದ ಶೈಕ್ಷಣಿಕ ಪ್ರವಾಸದಲ್ಲಿ ಬಾದಾಮಿ ಇದೆ. ಮಕ್ಕಳು ಗುಹೆ ನೋಡಿ ಬರುವುದಷ್ಟೇ ಅಲ್ಲ, ಈ ಪದ್ಯವನ್ನು ಬಾಯಲ್ಲಿ ಹೇಳಿಕೊಂಡು ಬರಬೇಕು ಅಂತ ನನ್ನ ಆಸೆ.

ಆರು ಸಾಲಿನ ಪದ್ಯವಾದ ಷಟ್ಪದಿಯ ವಿಷಯಕ್ಕೆ ಬಂದರೆ ನಮ್ಮ ಶಿವಮೊಗ್ಗದ ಸೀಮೆಯವರಿಗೆ ಒಂದು ಅನುಕೂಲ ಇದೆ. ತುಂಗೆಯ ದಂಡೆಯ ಹೊಸಹಳ್ಳಿಯಲ್ಲಿ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ದೊಡ್ಡ ಪರಂಪರೆಯೇ ಇದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿಗಳು ಕುಮಾರವ್ಯಾಸ ಭಾರತ ಓದುವುದನ್ನು ಕೇಳಿದ ಮಕ್ಕಳಿಗೆ ಭಾಮಿನಿ ಷಟ್ಪದಿಯ ಮೂರು, ನಾಲ್ಕು, ಮೂರು, ನಾಲ್ಕು ಅನ್ನುವ ಮಾತ್ರೆಗಳ ನಡೆ ತಾನಾಗಿ ಹತ್ತುತ್ತದೆ. ಮೂರನೇ ಸಾಲು ಮತ್ತು ಆರನೇ ಸಾಲು ಉದ್ದ ಯಾಕೆ ಅಂತಲೂ ಗೊತ್ತಾಗುತ್ತದೆ: ಅಲ್ಲಿ ರಾಗ ನಿಂತು ಉಸಿರು ತೆಗೆದುಕೊಳ್ಳುತ್ತದೆ. ಊರಲ್ಲಿ ಎಲ್ಲಾದರೂ ಗಮಕ ವಾಚನ ಇದ್ದರೆ, ಯಕ್ಷಗಾನ ತಾಳಮದ್ದಲೆ ಇದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹೋಮ್‌ವರ್ಕ್ ಆಗಲಿಲ್ಲ ಅಂದರೆ ಮಾರನೇ ದಿನ ನಾವು ಕೇಳುವುದಿಲ್ಲ.

ಹಿಂದಿನವರು ಈ ಹೆಸರುಗಳನ್ನು ಪ್ರೀತಿಯಿಂದ ಬಳಸಿದ್ದಾರೆ ಅನ್ನುವುದನ್ನೂ ಮಕ್ಕಳಿಗೆ ಹೇಳಬೇಕು. ಲಕ್ಷ್ಮೀಶನನ್ನು ‘ಉಪಮಾಲೋಲ’ ಅಂತ ಕರೆದರು. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಅಂದರು. ಓದಿದವರು ಮೆಚ್ಚಿ ಕೊಟ್ಟ ಬಿರುದುಗಳಿವು. ನಮಗೆ ಸಿಕ್ಕಿರುವ ಕನ್ನಡದ ಮೊಟ್ಟಮೊದಲ ಗ್ರಂಥ, 9ನೇ ಶತಮಾನದ ‘ಕವಿರಾಜಮಾರ್ಗ’, ಇರುವುದೇ ಅಲಂಕಾರದ ಬಗ್ಗೆ. ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದದ್ದು. ಅದರಲ್ಲಿ ಕನ್ನಡ ನಾಡಿನ ಜನರ ಬಗ್ಗೆ ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಅಂತ ಒಂದು ಮಾತಿದೆ. ಕೂತು ಓದದೇ ಇದ್ದರೂ ಕಾವ್ಯದ ಬಳಕೆಯಲ್ಲಿ ಪಳಗಿದವರು ಅಂತ.

ಪೋಷಕರ ಸಭೆಯಲ್ಲಿ ‘ನಾವು ಓದಿಲ್ಲ ಮೇಡಂ, ಮಕ್ಕಳಿಗೆ ಏನು ಹೇಳಿಕೊಡೋದು’ ಅಂತ ನಿಮ್ಮಲ್ಲಿ ಕೆಲವರು ಹಿಂಜರಿಯುತ್ತೀರಿ. ಕವಿರಾಜಮಾರ್ಗದ ಆ ಮಾತು ನಿಮ್ಮ ಬಗ್ಗೆಯೇ ಬರೆದದ್ದು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಅನ್ನುತ್ತೀರಲ್ಲ, ಅದು ದೃಷ್ಟಾಂತ ಅಲಂಕಾರ. ಎರಡು ವಾಕ್ಯ, ಒಂದು ಇನ್ನೊಂದರ ಕನ್ನಡಿಯಲ್ಲಿ ಕಾಣುತ್ತದೆ; ಪುಸ್ತಕದಲ್ಲಿ ಇದನ್ನೇ ಬಿಂಬ-ಪ್ರತಿಬಿಂಬ ಭಾವ ಅನ್ನುತ್ತಾರೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲೈತೆ’ ಅಂತ ಒಗಟು ಹಾಕುತ್ತೀರಿ. ಉತ್ತರ ಮಲ್ಲಿಗೆ ಹೂ. ಉಪಮೇಯವನ್ನು ಮುಚ್ಚಿಟ್ಟು ಉಪಮಾನವನ್ನಷ್ಟೇ ಹೇಳಿದರೆ ಒಗಟಾಯಿತು. ಹಸಿರು, ಮೊಸರು ಅಂತ ಪ್ರಾಸವೂ ಇದೆ. ಮಗು ಉತ್ತರ ಹೇಳಿದ ಮೇಲೆ ಅಲ್ಲಿಗೇ ಬಿಡಬೇಡಿ. ಮಲ್ಲಿಗೆಗೆ ಮೊಸರೇ ಯಾಕೆ, ಹಾಲು ಯಾಕಲ್ಲ ಅಂತ ಕೇಳಿ. ಹಾಲು ಹರಿದುಹೋಗುತ್ತದೆ, ಮೊಸರು ಗಡ್ಡೆ ಗಡ್ಡೆಯಾಗಿ ಎಲೆ ಮೇಲೆ ನಿಲ್ಲುತ್ತದೆ. ಇಷ್ಟು ಹೇಳಿದ ಮಗು ಪರೀಕ್ಷೆಯಲ್ಲಿ ಯಾವ ವಾಕ್ಯ ಕೊಟ್ಟರೂ ಹೆದರುವುದಿಲ್ಲ.

ಮನೆಯಲ್ಲಿ ಉರ್ದು, ತುಳು, ಲಂಬಾಣಿ ಮಾತಾಡುವವರೂ ನಮ್ಮ ಶಾಲೆಯಲ್ಲಿ ತುಂಬಾ ಜನ ಇದ್ದೀರಿ. ನಿಮ್ಮ ಮಾತಿನ ಗಾದೆ, ಒಗಟು, ಹಾಡು ಕೂಡ ಅಷ್ಟೇ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ಮಗು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ, ನಮಗೂ ಹೊಸದೊಂದು ಸಿಗುತ್ತದೆ.

ಮುಂದಿನ ವಾರದಿಂದ ಪ್ರತಿ ಮಗುವೂ ಕನ್ನಡ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಮನೆಯಲ್ಲೋ ಬಸ್ಸಲ್ಲೋ ಸಂತೆಯಲ್ಲೋ ಕೇಳಿದ ಹೋಲಿಕೆಯ ಮಾತುಗಳನ್ನು ಬರೆದುಕೊಂಡು ಬರಬೇಕು. ಯಾರು ಹೇಳಿದರು, ಯಾವುದನ್ನು ಯಾವುದಕ್ಕೆ ಹೋಲಿಸಿದರು, ಯಾಕೆ ಅಂತ ಎರಡು ಸಾಲು ಸಾಕು. ಅಲಂಕಾರದ ಹೆಸರು ಗೊತ್ತಾಗದಿದ್ದರೆ ಖಾಲಿ ಬಿಡಲಿ, ತರಗತಿಯಲ್ಲಿ ಸೇರಿ ಹುಡುಕುತ್ತೇವೆ. ಇದಕ್ಕೆ ಅಂಕ ಕೊಡುವುದಿಲ್ಲ. ದಯವಿಟ್ಟು ಫೋನ್ ನೋಡಿ ಬರೆಸಬೇಡಿ. ಇನ್ನೊಂದು ಗೈಡು ತರುವ ಅಗತ್ಯವೂ ಇಲ್ಲ, ಆ ದುಡ್ಡಿಗೆ ಒಂದು ಕಥೆ ಪುಸ್ತಕ ಕೊಡಿಸಿ.

ಬೀಸುವ ಪದ, ಸೋಬಾನೆ ಪದ ಬಲ್ಲ ಅಜ್ಜಿಯರು ಯಾರಾದರೂ ಇದ್ದರೆ ಶನಿವಾರ ಬೆಳಗಿನ ಕನ್ನಡ ಪಿರಿಯಡ್‌ಗೆ ಬಂದು ಮಕ್ಕಳಿಗೆ ಹಾಡಿ ತೋರಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಬೀಸುವ ಪದಗಳಲ್ಲಿ ಎಷ್ಟೋ ತ್ರಿಪದಿಯಲ್ಲೇ ಇವೆ, ಮಕ್ಕಳು ಅದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದಾರೆ. ಬರುವವರ ಹೆಸರನ್ನು ಶುಕ್ರವಾರದ ಒಳಗೆ ತರಗತಿ ಶಿಕ್ಷಕರಿಗೆ ತಿಳಿಸಿ. ನಡೆಯಲು ಕಷ್ಟವಿದ್ದರೆ ಹೇಳಿ, ಮಕ್ಕಳನ್ನೇ ನಿಮ್ಮ ಮನೆಗೆ ಕರೆದುಕೊಂಡು ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ