ಹತ್ತಿ ಆರುವ ದೀಪವನ್ನು ರಾತ್ರಿ ಬಂದು ನೋಡಿ

ಸಂಪಾದಕರೇ,

ಬೆಟಗೇರಿಯ ನಮ್ಮ ಓಣಿಯಲ್ಲಿ ಒಂಬತ್ತು ಬೀದಿದೀಪಗಳಿವೆ. ಅದರಲ್ಲಿ ನಾಲ್ಕು ದೀಪ ಮೂರು ತಿಂಗಳಿಂದ ಹತ್ತುತ್ತವೆ, ಆರುತ್ತವೆ, ಮತ್ತೆ ತಾವೇ ಹತ್ತುತ್ತವೆ. ಪೂರ್ತಿ ಕೆಟ್ಟಿದ್ದರೆ ಇಷ್ಟೊತ್ತಿಗೆ ಯಾರಾದರೂ ಬಂದು ಬದಲಿಸುತ್ತಿದ್ದರು. ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಇಬ್ಬರು ಬಂದರು. ಸ್ವಿಚ್ ಹಾಕಿದರು, ದೀಪ ಹತ್ತಿತು, 'ಸರಿ ಇದೆ' ಎಂದು ಬರೆದುಕೊಂಡು ಹೋದರು. ಅವರು ಸುಳ್ಳು ಬರೆದಿಲ್ಲ. ಅವರು ನಿಂತಿದ್ದ ಎರಡು ನಿಮಿಷ ದೀಪ ಉರಿಯುತ್ತಲೇ ಇತ್ತು.

ಕಳೆದ ತಿಂಗಳು ಪಕ್ಕದ ಮನೆಯ ಹುಡುಗಿ ಟ್ಯೂಷನ್ ಮುಗಿಸಿಕೊಂಡು ಸೈಕಲ್ ಮೇಲೆ ಬರುತ್ತಿದ್ದಳು. ಗುಡಿ ಮುಂದಿನ ದೀಪ ಅವಳ ನೆತ್ತಿ ಮೇಲೆಯೇ ಆರಿತು. ಅಲ್ಲಿ ಗಟಾರದ ಹಾಸುಗಲ್ಲು ಒಂದು ಸರಿದಿದೆ. ಅದು ಅವಳಿಗೂ ಗೊತ್ತು, ದಿನಾ ತಪ್ಪಿಸಿಕೊಂಡೇ ಬರುತ್ತಾಳೆ. ಅವತ್ತು ಕಾಣಲಿಲ್ಲ. ಮುಂಗೈ ಮುರಿಯಿತು, ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ. ದೀಪವೇ ಇಲ್ಲದ ಓಣಿಯಲ್ಲಿ ಕಣ್ಣು ಕತ್ತಲೆಗೆ ಹೊಂದಿಕೊಂಡಿರುತ್ತದೆ, ನಾವೂ ಹುಷಾರಾಗಿ ನಡೆಯುತ್ತೇವೆ. ಬೆಳಕಿನಲ್ಲಿದ್ದ ಕಣ್ಣಿಗೆ ಒಮ್ಮೆಲೇ ಕತ್ತಲಾದರೆ ಸರಿಯಾಗಿ ಕಾಣಲು ಹಲವು ನಿಮಿಷ ಬೇಕು. ಸೈಕಲ್ ಮೇಲಿದ್ದವರಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ? ಅದಕ್ಕೇ ಇಂಥ ದೀಪ ದೀಪವಿಲ್ಲದ ಕಂಬಕ್ಕಿಂತ ಅಪಾಯ ಅಂತ ನಾನು ಹೇಳುವುದು.

ನಾನು 31 ವರ್ಷ ಮೋಟರ್ ವೈಂಡಿಂಗ್ ಮಾಡಿದವನು. ಚೋಕ್, ಕೆಪಾಸಿಟರ್ ಜೊತೆಗೇ ನನ್ನ ದುಡಿಮೆ ಕಳೆದಿದೆ. ಹುಡುಗಿ ಬಿದ್ದ ಮಾರನೇ ದಿನದಿಂದ ನಾಲ್ಕು ರಾತ್ರಿ ಕಟ್ಟೆ ಮೇಲೆ ಕುಳಿತೆ. ಕೈಗಡಿಯಾರ ನೋಡಿ ನೋಡಿ ನೋಟ್‌ಬುಕ್ಕಿನಲ್ಲಿ ಸಮಯ ಬರೆದೆ. ನಾಲ್ಕು ದೀಪದ ರೋಗ ನಾಲ್ಕು ಬಗೆ.

ಗುಡಿ ಮುಂದಿನದು ಹಳೆಯ ಕೇಸರಿ ಬಣ್ಣದ ಸೋಡಿಯಂ ದೀಪ. ಮೊದಲ ರಾತ್ರಿ 7.04ಕ್ಕೆ ಮಂಕಾಗಿ ಹತ್ತಿತು. 7.09ಕ್ಕೆ ಪೂರ್ತಿ ಬೆಳಕು ಬಂತು. 7.17ಕ್ಕೆ ಫಕ್ಕನೆ ಆರಿತು. 7.19ಕ್ಕೆ ಮತ್ತೆ ಮಂಕು ಬೆಳಕು. ಹತ್ತು ಗಂಟೆಯವರೆಗೆ ಇದೇ ಆಟ. ಇದು ಆ ದೀಪಕ್ಕೆ ವಯಸ್ಸಾದ ಲಕ್ಷಣ. ಸೋಡಿಯಂ ದೀಪ ತಣ್ಣಗಿದ್ದಾಗ ಕಡಿಮೆ ವೋಲ್ಟೇಜಿನಲ್ಲೇ ಉರಿಯುತ್ತದೆ, ಕಾದಂತೆ ಜಾಸ್ತಿ ಕೇಳುತ್ತದೆ. ಹೊಸದಾದರೆ ಕಾದ ಮೇಲೂ ಸುಮಾರು 100 ವೋಲ್ಟ್ ಸಾಕು. ವರ್ಷ ಕಳೆದಂತೆ ಒಳಗಿನ ಸೋಡಿಯಂ ಸವೆಯುತ್ತದೆ, ಬೇಕಾಗುವ ವೋಲ್ಟೇಜ್ ಏರುತ್ತಲೇ ಹೋಗುತ್ತದೆ. ಒಂದು ಹಂತಕ್ಕೆ, ದೀಪಕ್ಕೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಚೋಕ್ ಕೈಚೆಲ್ಲುತ್ತದೆ, ದೀಪ ಆರುತ್ತದೆ. ಒಂದೆರಡು ನಿಮಿಷದಲ್ಲಿ ತಣ್ಣಗಾದ ಮೇಲೆ ಇಗ್ನೈಟರ್ ಮತ್ತೆ ಕಿಡಿ ಹೊಡೆಯುತ್ತದೆ. ಸಂಜೆ ಎಲ್ಲರ ಮನೆಯಲ್ಲೂ ಕರೆಂಟ್ ಬಳಕೆ ಜಾಸ್ತಿಯಾಗಿ ಲೈನಿನ ವೋಲ್ಟೇಜ್ ಇಳಿದರೆ ಇನ್ನೂ ಬೇಗ ಆರುತ್ತದೆ. ಹಗಲು ಬಂದವರಿಗೆ ಸಿಕ್ಕಿದ್ದು ತಣ್ಣಗಿನ ದೀಪ. ಅದು ಹತ್ತದೇ ಇನ್ನೇನು? ಈ ದೀಪಗಳಿಗೆ 24,000 ಗಂಟೆ ಆಯುಷ್ಯ ಅನ್ನುತ್ತಾರೆ. ರಾತ್ರಿಗೆ 12 ಗಂಟೆ ಹಿಡಿದರೆ ಐದೂವರೆ ವರ್ಷವೂ ಆಗುವುದಿಲ್ಲ. ಚೋಕ್ ಬಿಚ್ಚುವುದೇ ಬೇಡ, ಅಷ್ಟೇ ವ್ಯಾಟಿನ ಹೊಸ ದೀಪ ಹಾಕಿದರೆ ಮುಗಿಯಿತು. ಆದರೆ ವ್ಯಾಟ್ ನೋಡಿಯೇ ಹಾಕಬೇಕು. 250ರ ಚೋಕಿಗೆ 150ರ ದೀಪ ಹಾಕಿದರೆ ಅದು ಮಿತಿ ಮೀರಿ ಕಾದು ಬೇಗ ಇದೇ ಗತಿಗೆ ಬರುತ್ತದೆ. ಹಾಗೇ ಬಿಟ್ಟರೂ ನಷ್ಟವೇ. ರಾತ್ರಿಯೆಲ್ಲ ಕಿಡಿ ಹೊಡೆದು ಹೊಡೆದು ಇಗ್ನೈಟರ್ ಕೂಡ ಸಾಯುತ್ತದೆ.

ಶಾಲೆ ಹತ್ತಿರದ ಎಲ್‌ಇಡಿಯದು ನನಗೆ ನಿದ್ದೆ ಕೆಡಿಸಿದ ವಿಷಯ. ಅದು ಗಾಳಿ ಬೀಸಿದಾಗ ಮಾತ್ರ ಆರುತ್ತದೆ. ಕಪ್ಪತಗುಡ್ಡದ ಕಡೆ ಗಾಳಿಯಂತ್ರ ತಿರುಗಿಸುವ ಗಾಳಿ ನಮ್ಮ ಓಣಿಗೂ ಬರುತ್ತದಲ್ಲ, ಆಷಾಢದಲ್ಲಂತೂ ಕೇಳಲೇಬೇಡಿ. ವೈರಿನ ಜೋಡಣೆ ಎಲ್ಲೋ ಲೂಸ್ ಆಗಿದೆ. ನಮ್ಮ ಹುಡುಗರು ಇದನ್ನು ನನಗಿಂತ ಮೊದಲೇ ಕಂಡುಹಿಡಿದಿದ್ದಾರೆ. ದೀಪ ಆರಿದರೆ ಕಬ್ಬಿಣದ ಕಂಬಕ್ಕೆ ಜೋರಾಗಿ ಒದೆಯುತ್ತಾರೆ. ದೀಪ ಹತ್ತುತ್ತದೆ, ಚಪ್ಪಾಳೆ ಹೊಡೆಯುತ್ತಾರೆ. ನಾನು ನೋಡಿದ ರಾತ್ರಿ ಒಬ್ಬನ ಕಾಲಲ್ಲಿ ಚಪ್ಪಲಿ ಕೂಡ ಇರಲಿಲ್ಲ, ನೆಲ ಹಸಿಯಿತ್ತು. ಲೂಸ್ ಇರುವ ಜಾಗದಲ್ಲಿ ಕಿಡಿ ಹಾರಿ ವೈರಿನ ಮೇಲಿನ ಪ್ಲಾಸ್ಟಿಕ್ ಸುಡುತ್ತದೆ. ಬರಿಯ ತಂತಿ ಕಂಬಕ್ಕೆ ತಾಗಿದರೆ, ಅರ್ಥಿಂಗ್ ಸರಿ ಇಲ್ಲದಿದ್ದರೆ, ಇಡೀ ಕಂಬಕ್ಕೇ ಕರೆಂಟ್ ಬರುತ್ತದೆ. ತಂದೆತಾಯಿಗಳೇ, ದಯವಿಟ್ಟು ಇವತ್ತೇ ಮಕ್ಕಳನ್ನು ಕೂರಿಸಿಕೊಂಡು ಹೇಳಿ. ಕಂಬ ಮುಟ್ಟಬಾರದು, ಒದೆಯಬಾರದು, ಎಮ್ಮೆ, ಆಡು ಕಟ್ಟಬಾರದು. ಬಟ್ಟೆ ಒಣಗಿಸಲು ತಂತಿಯನ್ನೂ ಕಟ್ಟಬಾರದು.

ಮೂರನೆಯದು ಎರಡೆರಡು ನಿಮಿಷಕ್ಕೆ ಗಡಿಯಾರ ಇಟ್ಟ ಹಾಗೆ ಹತ್ತಿ ಆರುತ್ತಿತ್ತು. ತಲೆ ಮೇಲೆ ಬೆಳಕು ನೋಡುವ ಸೆನ್ಸರ್ ಇದೆ. ಎದುರಿಗೆ ಯಾರೋ ಬಿಳಿ ಫ್ಲೆಕ್ಸ್ ಕಟ್ಟಿದ್ದರು. ದೀಪದ ಬೆಳಕು ಅದಕ್ಕೆ ಬಡಿದು ಸೆನ್ಸರಿಗೇ ವಾಪಸ್ ಹೋಗುತ್ತಿತ್ತು. ಅದು ಬೆಳಗಾಯಿತು ಎಂದು ತಿಳಿದು ದೀಪ ಆರಿಸುತ್ತಿತ್ತು, ಕತ್ತಲಾದ ಮೇಲೆ ಮತ್ತೆ ಹಚ್ಚುತ್ತಿತ್ತು. ಕಟ್ಟಿದವರಿಗೆ ಹೇಳಿ ಫ್ಲೆಕ್ಸ್ ಇಳಿಸಿದೆವು. ಅವತ್ತಿನಿಂದ ಆ ದೀಪ ಬೆಳಗಿನವರೆಗೂ ಉರಿಯುತ್ತಿದೆ, ಒಂದು ಪೈಸೆ ಖರ್ಚಿಲ್ಲ. ನಾಲ್ಕನೆಯ ಎಲ್‌ಇಡಿ ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುತ್ತದೆ. ಅದರ ಡ್ರೈವರ್, ಅಂದರೆ ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟ್ ಕೊಡುವ ಭಾಗ, ಹೋಗಿರುವ ಸಾಧ್ಯತೆಯೇ ಜಾಸ್ತಿ. ಬಿಸಿಗೆ ಒಳಗಿನ ಕೆಪಾಸಿಟರ್ ಒಣಗಿದರೆ ಹೀಗಾಗುತ್ತದೆ. ಡ್ರೈವರ್ ಬೇರೆಯಾಗಿ ಬಿಚ್ಚಲು ಬರುವಂತಿದ್ದರೆ ಅದೊಂದನ್ನೇ ಬದಲಿಸಬಹುದು, ಇಡೀ ದೀಪ ಎಸೆಯಬೇಕಿಲ್ಲ.

ಇವೆಲ್ಲ ಒಂಟಿ ದೀಪದ ಮಾತು. ಸಾಲಿಗೆ ಸಾಲೇ ಒಟ್ಟಿಗೆ ಹತ್ತಿ ಆರಿದರೆ ಕಂಬ ಹತ್ತುವುದು ದಂಡ, ಕಂಟ್ರೋಲ್ ಬಾಕ್ಸ್ ತೆಗೆದು ನೋಡಬೇಕು. ಸಾಲಿಗೆಲ್ಲ ಕರೆಂಟ್ ಬಿಡುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್ ಸುಟ್ಟಿರಬಹುದು, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿ ಲೂಸ್ ಇರಬಹುದು. ಕೆಲವು ದೀಪ ಮಂಕು, ಕೆಲವು ವಿಪರೀತ ಬೆಳಕು ಕಂಡರೆ ನ್ಯೂಟ್ರಲ್ ಮೇಲೇ ಅನುಮಾನ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ಹೋಗಬಹುದು. ಅದನ್ನು ಬೆಳಗಿನವರೆಗೆ ಬಿಡಬಾರದು, ಆಗಲೇ ಫೋನ್ ಮಾಡಬೇಕು.

ದೂರು ಬರೆದುಕೊಳ್ಳುವವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. 'ದೀಪ ಹೋಗಿದೆ' ಎಂದಷ್ಟೇ ಬರೆಯಬೇಡಿ. ಒಂದೇ ದೀಪವೋ ಸಾಲೋ, ಎಷ್ಟು ಹೊತ್ತು ಉರಿದು ಆರುತ್ತದೆ, ಎಷ್ಟು ಹೊತ್ತಿಗೆ ಮತ್ತೆ ಹತ್ತುತ್ತದೆ, ಗಾಳಿ ಮಳೆಗೆ ಆಗುತ್ತದೋ, ಇಷ್ಟು ಕೇಳಿ. ಲೈನ್‌ಮನ್ ಯಾವ ಸಾಮಾನು ತರಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ. ವಾರಕ್ಕೆ ಒಂದು ರಾತ್ರಿಯಾದರೂ ಬಂದು ದೀಪದ ಕೆಳಗೆ ಹದಿನೈದು ನಿಮಿಷ ನಿಲ್ಲಿ. ಓದುಗರೂ ಅಷ್ಟೇ, ಸುಮ್ನೆ ಬೈಯುವ ಬದಲು ಮೊಬೈಲಿನಲ್ಲಿ ಹತ್ತು ನಿಮಿಷದ ವಿಡಿಯೋ ಮಾಡಿ, ಕಂಬದ ನಂಬರ್ ಸಮೇತ ಕಳಿಸಿ.

ನಮ್ಮ ಓಣಿಯಲ್ಲಿ ಇನ್ನೂ ಮೂರು ದೀಪ ಉಳಿದಿವೆ. ಶಾಲೆ ಹತ್ತಿರದ್ದನ್ನು ಮೊದಲು ನೋಡಿ. ನೋಟ್‌ಬುಕ್ಕಿನ ಹಾಳೆಗಳ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ರಾತ್ರಿ ಏಳರ ಮೇಲೆ ಯಾರೇ ಬಂದರೂ ಗುಡಿ ಕಟ್ಟೆ ಮೇಲೆ ಸಿಗುತ್ತೇನೆ.

— ಒಬ್ಬ ನಿವೃತ್ತ ವೈಂಡಿಂಗ್ ಮೇಸ್ತ್ರಿ, ಬೆಟಗೇರಿ, ಗದಗ