ಕೈ ತಟ್ಟದ ಆ ಅರೆನಿಮಿಷ: ಪೋಷಕರಿಗೆ ಮುಖ್ಯ ಶಿಕ್ಷಕರ ಪತ್ರ

ಮಾನ್ಯ ಪೋಷಕರಿಗೆ,

ನಮಸ್ಕಾರಗಳು.

ಕಳೆದ ಮಂಗಳವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ಮೈದಾನದ ಮೂಲೆಯಲ್ಲಿ ಪಂದ್ಯ ಕಟ್ಟಿಕೊಂಡು ಹೊರಳಾಡುತ್ತಿದ್ದಾಗ ಒಬ್ಬನ ಮೊಣಕೈ ಉಳುಕಿದ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಮೂಳೆಗೆ ಏನೂ ಆಗಿಲ್ಲವೆಂದು ವೈದ್ಯರು ಹೇಳಿದ್ದಾರೆ, ಮೂರು ವಾರ ಕೈಯನ್ನು ಜೋಳಿಗೆಯಲ್ಲಿಟ್ಟುಕೊಂಡರೆ ಸಾಕಂತೆ. ಆ ಹೊತ್ತಿನಲ್ಲಿ ಮೈದಾನದಲ್ಲಿ ಶಿಕ್ಷಕರೊಬ್ಬರೂ ಇರಲಿಲ್ಲ. ಆ ತಪ್ಪು ನನ್ನದು, ಅದನ್ನು ಸರಿಪಡಿಸಿದ್ದೇನೆ. ಈ ಪತ್ರ ಬರೆಯಲು ಕಾರಣ ಬೇರೆಯೇ ಇದೆ.

ಎದುರಿನ ಅಂಗಡಿಯಿಂದ ತರಿಸಿದ ಮಂಜುಗಡ್ಡೆಯನ್ನು ಕರವಸ್ತ್ರದಲ್ಲಿ ಸುತ್ತಿ ಅವನ ಮೊಣಕೈಗೆ ಒತ್ತಿ ಹಿಡಿದುಕೊಂಡು, "ಅಷ್ಟು ನೋಯುತ್ತಿದ್ದರೆ ಬಿಡು ಎಂದು ಯಾಕೆ ಹೇಳಲಿಲ್ಲಪ್ಪ?" ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿಕೊಂಡೇ, "ನಾಗಣ್ಣ ಟ್ಯಾಪ್ ಮಾಡಲಿಲ್ಲ ಸರ್" ಎಂದ. ಯಾವ ನಾಗಣ್ಣ, ಯಾವ ಬೀದಿಯವನು ಎಂದು ವಿಚಾರಿಸಲು ಹೊರಟ ನನಗೆ ನಮ್ಮ ದೈಹಿಕ ಶಿಕ್ಷಕರು ನಗು ತಡೆದುಕೊಂಡು ತಿಳಿಸಿದ್ದೇನೆಂದರೆ, ಆತ ಬ್ರೆಜಿಲ್ ದೇಶದ ಆಂಟೋನಿಯೊ ರೊಡ್ರಿಗೊ ನೊಗೇರಾ ಎಂಬ, ಹೊಡೆತ ಒದೆತ ಕುಸ್ತಿ ಎಲ್ಲವೂ ಸೇರಿದ ಮಿಶ್ರ ಸಮರಕಲೆಯ ಪಟು, ಅಭಿಮಾನಿಗಳು ಅವರನ್ನು 'ಬಿಗ್ ನಾಗ್' ಎನ್ನುತ್ತಾರೆ, ನಮ್ಮ ಹುಡುಗರ ಬಾಯಲ್ಲಿ ಅದು ನಾಗಣ್ಣ ಆಗಿದೆ ಎಂಬುದು.

ಹುಡುಗರು ಕೈಯಿಂದ ಕೈಗೆ ದಾಟಿಸಿಕೊಂಡು ನೋಡುತ್ತಿರುವುದು ಮೂವತ್ತು ಸೆಕೆಂಡುಗಳ ಒಂದು ತುಣುಕು. 2011ರ ಡಿಸೆಂಬರ್ 10ರಂದು ಕೆನಡಾದ ಟೊರಾಂಟೊ ನಗರದಲ್ಲಿ ಯುಎಫ್‌ಸಿ ಎಂಬ ಮಿಶ್ರ ಸಮರಕಲೆಯ ಸಂಸ್ಥೆ ನಡೆಸಿದ ಪಂದ್ಯದಲ್ಲಿ ಅಮೆರಿಕದ ಫ್ರಾಂಕ್ ಮಿರ್ ಎಂಬ ಎದುರಾಳಿ ನೊಗೇರಾ ಅವರ ತೋಳನ್ನು ಹಿಡಿದು ತಿರುಚುತ್ತಾರೆ, ಸೋಲೊಪ್ಪಿಕೊಳ್ಳಲು ನೊಗೇರಾ ಕೈ ತಟ್ಟುವುದಿಲ್ಲ (ಹುಡುಗರು ಹೇಳುವ 'ಟ್ಯಾಪ್' ಇದೇ), ತೋಳಿನ ಮೇಲ್ಭಾಗದ ಮೂಳೆ ಮುರಿಯುತ್ತದೆ. ತುಣುಕು ಅಲ್ಲಿಗೆ ಮುಗಿಯುತ್ತದೆ. ಅದರ ಕೆಳಗೆ 'ಗಂಡೆದೆ' ಎಂದೋ 'ಸೋಲದವನು' ಎಂದೋ ಯಾರೋ ಬರೆದಿರುತ್ತಾರೆ. ಬೈದು ಸುಮ್ಮನಾಗಿಸುವ ಮುನ್ನ ಆ ವ್ಯಕ್ತಿಯ ವೃತ್ತಿಜೀವನವನ್ನು ಮೊದಲಿನಿಂದ ಕೊನೆಯವರೆಗೆ ತಿಳಿದುಕೊಳ್ಳೋಣವೆಂದು ನಾಲ್ಕು ರಾತ್ರಿ ಕುಳಿತು ಅವರ ಪಂದ್ಯಗಳನ್ನು ನೋಡಿದೆ. ನೋಡಿದ ಮೇಲೆ ಆ ಮನುಷ್ಯನ ಬಗ್ಗೆ ಗೌರವ ಹೆಚ್ಚಿತು, ಆ ತುಣುಕಿನ ಬಗ್ಗೆ ಸಿಟ್ಟೂ ಹೆಚ್ಚಿತು. ಎರಡಕ್ಕೂ ಕಾರಣವನ್ನು ನಿಮ್ಮ ಮುಂದಿಡುತ್ತೇನೆ, ಏಕೆಂದರೆ ಮನೆಯಲ್ಲಿ ಮಗನೊಡನೆ ಈ ಮಾತು ಬಂದಾಗ ನಿಮಗೆ ಅವನಿಗಿಂತ ಹೆಚ್ಚು ಗೊತ್ತಿರಬೇಕು.

ನೊಗೇರಾ ಹುಟ್ಟಿದ್ದು 1976ರಲ್ಲಿ, ಬ್ರೆಜಿಲ್‌ನ ಬಹಿಯಾ ರಾಜ್ಯದ ವಿಟೋರಿಯಾ ದ ಕಾಂಕಿಸ್ಟಾ ಎಂಬ ಊರಿನಲ್ಲಿ. ಜೊತೆಗೆ ಹುಟ್ಟಿದ ಅವಳಿ ತಮ್ಮ ರೊಜೇರಿಯೊ ಕೂಡ ಮುಂದೆ ಹೆಸರಾಂತ ಪಟುವಾದರು. ಚಿಕ್ಕಂದಿನಲ್ಲೇ ಇಬ್ಬರೂ ಜೂಡೊ ಕಲಿಯುತ್ತಿದ್ದರು. ಹತ್ತು ಹನ್ನೊಂದರ ವಯಸ್ಸಿನಲ್ಲಿ ರೊಡ್ರಿಗೊ ಮೇಲೆ ಲಾರಿಯೊಂದು ಹರಿಯಿತು. ನಾಲ್ಕು ದಿನ ಎಚ್ಚರವಿರಲಿಲ್ಲ. ಒಂದು ಪಕ್ಕೆಲುಬನ್ನೂ ಯಕೃತ್ತಿನ ಒಂದು ಭಾಗವನ್ನೂ ಕಳೆದುಕೊಂಡ ಆ ಮಗು ಹನ್ನೊಂದು ತಿಂಗಳು ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಅವರ ಬೆನ್ನಿನ ಕೆಳಭಾಗದಲ್ಲಿ ಇಂದಿಗೂ ಆಳವಾಗಿ ತಗ್ಗಿರುವ ಗಾಯದ ಗುರುತಿದೆ. ಪಂದ್ಯದಲ್ಲಿ ಅವರು ಬೆನ್ನು ತಿರುಗಿಸಿದಾಗಲೆಲ್ಲ ಅದು ಕಾಣುತ್ತದೆ. ಅಂಥ ಮಗು ಮತ್ತೆ ಅಂಗಳಕ್ಕಿಳಿದು, ರಿಕಾರ್ಡೊ ಡಿ ಲಾ ರಿವಾ ಎಂಬ ಗುರುವಿನ ಬಳಿ ಬ್ರೆಜಿಲಿಯನ್ ಜಿಯು-ಜಿತ್ಸು ಕಲಿತು ಉನ್ನತ ದರ್ಜೆಯ ಗುರುತಾದ ಕಪ್ಪು ಪಟ್ಟಿ ಪಡೆಯಿತು. 1999ರಲ್ಲಿ ವೃತ್ತಿಪರ ಪಂದ್ಯಗಳು ಶುರುವಾದವು.

ಜಿಯು-ಜಿತ್ಸು ಎಂದರೇನೆಂದು ಎರಡು ಮಾತು ಹೇಳಲೇಬೇಕು. ನಮ್ಮ ಗರಡಿಮನೆಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಚಿತ್, ಪಂದ್ಯ ಮುಗಿಯಿತು. ಅದೇ ಕಣ್ಣಿನಿಂದ ನೋಡುವ ನಮ್ಮಂಥವರಿಗೆ ನೊಗೇರಾ ಅವರ ಆಟ ಮೊದಮೊದಲು ಅರ್ಥವೇ ಆಗುವುದಿಲ್ಲ, ಏಕೆಂದರೆ ಅವರ ಪಂದ್ಯ ಶುರುವಾಗುವುದೇ ಬೆನ್ನು ನೆಲಕ್ಕೆ ತಾಗಿದ ಮೇಲೆ. ಕೆಳಗೆ ಮಲಗಿದವರು ಮೇಲಿರುವವರ ಸೊಂಟವನ್ನು ಎರಡು ಕಾಲುಗಳ ನಡುವೆ ಹಿಡಿದಿಟ್ಟುಕೊಂಡು, ಅವರ ಕೈಯೋ ಕೊರಳೋ ಒಂದಿಷ್ಟು ಮುಂದೆ ಬರುವವರೆಗೆ ಕಾಯುತ್ತಾರೆ. ಬಂದ ಕೈಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಮಣಿಕಟ್ಟನ್ನು ಎದೆಗೆ ಒತ್ತಿ, ಸೊಂಟ ಎತ್ತಿದರೆ ಎದುರಾಳಿಯ ಮೊಣಕೈ ಮಡಚಬಾರದ ಕಡೆಗೆ ಮಡಚತೊಡಗುತ್ತದೆ. ಇದು ಆರ್ಮ್‌ಬಾರ್. ಸಿಕ್ಕಿಕೊಂಡವರು ಅಂಗೈಯಿಂದ ಎದುರಾಳಿಯ ಮೈಯನ್ನೋ ನೆಲವನ್ನೋ ತಟ್ಟುತ್ತಾರೆ, ಹಿಡಿದವರು ಆ ಕ್ಷಣವೇ ಬಿಡುತ್ತಾರೆ. ಈ ಎರಡು ಕಟ್ಟಳೆಗಳ ಮೇಲೆಯೇ ಇಡೀ ವಿದ್ಯೆ ನಿಂತಿದೆ. ತಾಲೀಮಿನ ಮನೆಯಲ್ಲಿ ಯಾರು ಎಷ್ಟು ಬಾರಿ ತಟ್ಟಿದರೆಂದು ಯಾರೂ ಲೆಕ್ಕವಿಡುವುದಿಲ್ಲ; ತಟ್ಟದೆ ಇದ್ದರೆ ಕಲಿಯುವುದೇ ಸಾಧ್ಯವಿಲ್ಲ. ಕಪ್ಪು ಪಟ್ಟಿಗೆ ಬರುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಸಾವಿರಾರು ಸಲ ತಟ್ಟಿರುತ್ತಾನೆ.

ನೊಗೇರಾ ಅವರ ಹೆಸರು ಜಗತ್ತಿಗೆ ತಿಳಿದದ್ದು ಜಪಾನಿನಲ್ಲಿ. ರಿಂಗ್ಸ್ ಸಂಸ್ಥೆಯ 'ಕಿಂಗ್ ಆಫ್ ಕಿಂಗ್ಸ್' ಪಂದ್ಯಾವಳಿಯನ್ನು 2001ರ ಫೆಬ್ರವರಿಯಲ್ಲಿ ಗೆದ್ದರು; ಅದೇ ವರ್ಷದ ನವೆಂಬರ್‌ನಲ್ಲಿ ಹೀತ್ ಹೆರಿಂಗ್ ಅವರನ್ನು ಸೋಲಿಸಿ ಪ್ರೈಡ್ ಸಂಸ್ಥೆಯ ಮೊದಲ ಹೆವಿವೇಟ್ ಚಾಂಪಿಯನ್ ಆದರು. ಆದರೆ ನಾನು ಎರಡೆರಡು ಬಾರಿ ನೋಡಿದ್ದು 2002ರ ಆಗಸ್ಟ್ 28ರಂದು ಟೋಕಿಯೊ ನಗರದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಬಾಬ್ ಸ್ಯಾಪ್ ಎಂಬ ದೈತ್ಯನೊಡನೆ ನಡೆದ ಪಂದ್ಯವನ್ನು. ತೊಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರೆಂದು ಆಯೋಜಕರು ಸಾರಿದ್ದರು. ಸ್ಯಾಪ್ ತೂಕ ಸುಮಾರು 170 ಕಿಲೋ, ನೊಗೇರಾ ಅವರದ್ದು 105ರ ಆಸುಪಾಸು. ಶುರುವಿನಲ್ಲೇ ಸ್ಯಾಪ್ ಅವರನ್ನು ತಲೆಕೆಳಗಾಗಿ ಎತ್ತಿ ನೆತ್ತಿ ನೆಲಕ್ಕೆ ಬಡಿಯುವಂತೆ ಕುಕ್ಕಿದರು. ಇಂದಿನ ನಿಯಮಗಳಲ್ಲಿ ಅದು ಅಪರಾಧ. ಕುತ್ತಿಗೆ ಮುರಿಯದೆ ಉಳಿದದ್ದು ಅದೃಷ್ಟವೆಂದೇ ನಾನು ಭಾವಿಸುತ್ತೇನೆ, ಧೈರ್ಯದ ಫಲವೆಂದಲ್ಲ. ಆಮೇಲೆ ಹತ್ತು ನಿಮಿಷಗಳ ಮೊದಲ ಸುತ್ತಿನ ಬಹುಭಾಗ ಅವರು ಆ ಬೆಟ್ಟದಂಥ ಮೈಯ ಕೆಳಗೇ ಇದ್ದರು, ಮುಖ ಊದಿಕೊಂಡಿತು. ಆದರೂ ಗಮನಿಸಿ ನೋಡಿದರೆ ಅವರ ಕಾಲುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಒಮ್ಮೆ ಎದುರಾಳಿಯ ಭುಜದ ಮೇಲೆ, ಒಮ್ಮೆ ಸೊಂಟದ ಬಳಿ, ಕತ್ತಲಲ್ಲಿ ಚಿಲಕ ಹುಡುಕುವ ಕೈಯಂತೆ ಅವು ಜಾಗ ಹುಡುಕುತ್ತಲೇ ಇರುತ್ತವೆ. ಎರಡನೆಯ ಸುತ್ತಿನಲ್ಲಿ ಸ್ಯಾಪ್ ದಣಿದರು, ಒಂದು ತೋಳು ಸಿಕ್ಕಿತು, ಆರ್ಮ್‌ಬಾರ್ ಬಿತ್ತು. ಇನ್ನು ಹುಡುಗರು ಮರೆಯುವ ಸಂಗತಿ: 170 ಕಿಲೋ ತೂಕದ ಆ ಮನುಷ್ಯ ತಟ್ಟಿದರು, ನೊಗೇರಾ ಬಿಟ್ಟರು, ಇಬ್ಬರೂ ಎರಡೂ ಕೈ ಸರಿಯಿಟ್ಟುಕೊಂಡು ಮನೆಗೆ ಹೋದರು.

2003ರ ನವೆಂಬರ್ 9ರ ಕ್ರೊಯೇಷಿಯಾದ ಮಿರ್ಕೊ ಕ್ರೊ ಕಾಪ್ ವಿರುದ್ಧದ ಪಂದ್ಯವೂ ಇದೇ ಜಾತಿಯದು. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಬಿದ್ದ ಒದೆತಕ್ಕೆ ನೆಲ ಕಂಡಿದ್ದ ನೊಗೇರಾ, ಎರಡನೆಯ ಸುತ್ತಿನಲ್ಲಿ ಎದುರಾಳಿಯನ್ನು ಕೆಡವಿ ಎರಡೇ ನಿಮಿಷದೊಳಗೆ ತೋಳು ಹಿಡಿದರು. ರಷ್ಯಾದ ಫೆಡೊರ್ ಎಮಿಲಿಯನೆಂಕೊ ಅವರೆದುರು ಮಾತ್ರ ಈ ವಿದ್ಯೆ ನಡೆಯಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಅವರಿಗೇ ಪ್ರೈಡ್ ಪಟ್ಟವನ್ನು ಬಿಟ್ಟುಕೊಟ್ಟಿದ್ದರು. ಮುಂದೆ ಯುಎಫ್‌ಸಿಗೆ ಬಂದು, 2008ರ ಫೆಬ್ರವರಿಯಲ್ಲಿ ಟಿಮ್ ಸಿಲ್ವಿಯಾ ಅವರಿಂದ ಎರಡು ಸುತ್ತು ಪೆಟ್ಟು ತಿಂದು ಮೂರನೆಯದರಲ್ಲಿ ಕೊರಳು ಹಿಡಿದು ತಾತ್ಕಾಲಿಕ ಪಟ್ಟ ಗೆದ್ದರು. ಹೀಗೆ ಎರಡೂ ಸಂಸ್ಥೆಗಳಲ್ಲಿ ಹೆವಿವೇಟ್ ಪಟ್ಟ ಪಡೆದ ಮೊದಲಿಗರಾದರು.

ಪೆಟ್ಟು ತಿಂದು ಗೆಲ್ಲುವ ಈ ರೀತಿಗೆ ಬೆಲೆ ತೆರಬೇಕಾದ ಕಾಲವೂ ಬಂತು, ಅದನ್ನು ಯಾವ ತುಣುಕಿನಲ್ಲೂ ಯಾರೂ ತೋರಿಸುವುದಿಲ್ಲ. 2008ರ ಡಿಸೆಂಬರ್‌ನಲ್ಲಿ ಇದೇ ಫ್ರಾಂಕ್ ಮಿರ್ ಅವರ ಹೊಡೆತಗಳಿಗೆ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಅವರ ಪಂದ್ಯವನ್ನು ರೆಫರಿ ನಿಲ್ಲಿಸಬೇಕಾಯಿತು. 2010ರಲ್ಲಿ ಸಿಡ್ನಿಯಲ್ಲಿ ಕೇನ್ ವೆಲಾಸ್ಕೆಜ್ ಎದುರು ಮೊದಲ ಸುತ್ತಿನಲ್ಲೇ ನಾಕೌಟ್ ಆದರು, 2014ರಲ್ಲಿ ಅಬುಧಾಬಿಯಲ್ಲಿ ರಾಯ್ ನೆಲ್ಸನ್ ಎದುರು ಮತ್ತೊಮ್ಮೆ. ನಡುವೆ ಸೊಂಟಕ್ಕೂ ಮಂಡಿಗೂ ಶಸ್ತ್ರಚಿಕಿತ್ಸೆಗಳಾದವು. ಒಂದೂವರೆ ವರ್ಷದ ಬಿಡುವಿನ ನಂತರ 2011ರ ಆಗಸ್ಟ್‌ನಲ್ಲಿ ರಿಯೊ ನಗರದ ತಮ್ಮ ಜನರ ಮುಂದೆ ಬ್ರೆಂಡನ್ ಶಾಬ್ ಎಂಬ ಕಿರಿಯರನ್ನು ನಾಕೌಟ್ ಮಾಡಿದ ದಿನ ಇಡೀ ಅಂಗಳ ಎದ್ದು ನಿಂತಿತ್ತು.

ಟೊರಾಂಟೊ ಪಂದ್ಯ ಅದಾದ ನಾಲ್ಕು ತಿಂಗಳಿಗೆ ನಡೆಯಿತು. ನಮ್ಮ ಹುಡುಗರು ನೋಡದೆ ಬಿಟ್ಟ ಭಾಗ ಆ ಮೂವತ್ತು ಸೆಕೆಂಡುಗಳ ಹಿಂದಿನದು. ನೊಗೇರಾ ಅವರ ಮುಷ್ಟಿಗೆ ಸಿಕ್ಕು ಮಿರ್ ತತ್ತರಿಸಿ ಕುಸಿದಿದ್ದರು. ಇನ್ನೆರಡು ಹೊಡೆತ ಬಿದ್ದಿದ್ದರೆ ಪಂದ್ಯ ಮುಗಿಯುತ್ತಿತ್ತು ಎಂಬುದು ನೋಡಿದವರಿಗೆಲ್ಲ ತಿಳಿಯುತ್ತದೆ. ಹೊಡೆಯುವ ಬದಲು ಅವರು ತಮ್ಮ ನೆಚ್ಚಿನ ವಿದ್ಯೆಯನ್ನೇ ನಂಬಿ ಕೊರಳಿಗೆ ಕೈ ಹಾಕಿದರು. ಮಿರ್ ಹೊರಳಿ ಬಿಡಿಸಿಕೊಂಡು, ಮೇಲೆ ಬಂದು, ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದರು. ಸ್ವತಃ ಗುರುವಾಗಿದ್ದ ನೊಗೇರಾ ಅವರಿಗೆ ಆ ಪಟ್ಟಿನ ಕೊನೆ ಏನೆಂದು ಚೆನ್ನಾಗಿ ಗೊತ್ತಿತ್ತು. ಆದರೂ ತಟ್ಟಲಿಲ್ಲ. ಅದನ್ನು ನಾನು ಶೌರ್ಯವೆನ್ನಲಾರೆ, ಪಂದ್ಯದ ಬಿಸಿಯಲ್ಲಿ ಅನುಭವಿಯೂ ಮಾಡುವ ತಪ್ಪು ಎನ್ನುತ್ತೇನೆ. ಇದನ್ನು ಒಪ್ಪದವರೂ ನಿಮ್ಮಲ್ಲಿರಬಹುದು.

ಆ ಪಟ್ಟಿನ ಹೆಸರು ಕಿಮುರಾ. 1951ರಲ್ಲಿ ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ ಅವರು ಬ್ರೆಜಿಲಿಯನ್ ಜಿಯು-ಜಿತ್ಸು ಕಟ್ಟಿದವರಲ್ಲಿ ಒಬ್ಬರಾದ ಹೆಲಿಯೊ ಗ್ರೇಸಿ ಅವರ ತೋಳನ್ನು ಇದೇ ರೀತಿ ಮುರಿದಾಗ, ಹೆಲಿಯೊ ಕೂಡ ತಟ್ಟಿರಲಿಲ್ಲ. ಕೊನೆಗೆ ಅವರ ಅಣ್ಣ ಕಾರ್ಲೊಸ್ ಕಡೆಯಿಂದ ಸೋಲೊಪ್ಪಿಕೊಂಡ ಗುರುತಾಗಿ ಟವೆಲ್ ಬಿತ್ತು. ಬ್ರೆಜಿಲ್‌ನವರು ಸೋಲಿಸಿದವರ ಹೆಸರನ್ನೇ ಪಟ್ಟಿಗಿಟ್ಟು ಗೌರವ ತೋರಿದರು. ಆ ಕಥೆಯನ್ನು ಹೇಳುವವರು ಹೆಲಿಯೊ ಅವರ ಹಟವನ್ನು ಕೊಂಡಾಡುವಷ್ಟು ಟವೆಲ್ ಎಸೆದ ಅಣ್ಣನನ್ನು ನೆನೆಯುವುದಿಲ್ಲ. ಅಂದು ಅಲ್ಲಿ ಬುದ್ಧಿ ನೆಟ್ಟಗಿದ್ದವರು ಅವರೊಬ್ಬರೇ ಎಂದು ನನಗೆ ತೋರುತ್ತದೆ.

ಟೊರಾಂಟೊ ನಂತರ ಶಸ್ತ್ರಚಿಕಿತ್ಸೆಯಾಗಿ, ಹತ್ತು ತಿಂಗಳ ಬಳಿಕ ನೊಗೇರಾ ರಿಯೊದಲ್ಲಿ ಡೇವ್ ಹರ್ಮನ್ ಅವರನ್ನು ಆರ್ಮ್‌ಬಾರ್‌ನಿಂದಲೇ ಸೋಲಿಸಿದರು. ಜಿಯು-ಜಿತ್ಸು ಪ್ರಯೋಜನಕ್ಕೆ ಬಾರದ ವಿದ್ಯೆ ಎಂದು ಹರ್ಮನ್ ಮೊದಲೇ ಜಂಬ ಕೊಚ್ಚಿದ್ದರಿಂದ ಆ ಗೆಲುವಿಗೆ ಬೇರೆಯದೇ ರುಚಿಯಿತ್ತು. ಮುಂದಿನ ವರ್ಷ, 2013ರ ಜೂನ್ 8ರಂದು, ಬ್ರೆಜಿಲ್‌ನ ಫೋರ್ಟಲೆಜಾ ನಗರದಲ್ಲಿ ಫ್ಯಾಬ್ರಿಸಿಯೊ ವೆರ್ಡುಮ್ ಅವರ ಆರ್ಮ್‌ಬಾರ್‌ಗೆ ನೊಗೇರಾ ಅವರೇ ಸಿಕ್ಕಿಬಿದ್ದರು. ಈ ಸಲ ಮೂಳೆ ಮುರಿಯುವವರೆಗೆ ಕಾಯಲಿಲ್ಲ, ಬಾಯಿಬಿಟ್ಟು ಹೇಳಿ ಪಂದ್ಯ ಬಿಟ್ಟುಕೊಟ್ಟರು. ಸ್ವದೇಶದ ಜನರ ಕಣ್ಣೆದುರಿಗೆ, ಮೂವತ್ತೇಳರ ವಯಸ್ಸಿನಲ್ಲಿ, ತಾನೇ ಪ್ರಸಿದ್ಧಗೊಳಿಸಿದ ಪಟ್ಟಿಗೆ ಸೋತೆನೆಂದು ಒಪ್ಪಿಕೊಂಡ ಆ ಕ್ಷಣದ ತುಣುಕು ನಮ್ಮ ಹುಡುಗರ ಯಾವ ಮೊಬೈಲಿನಲ್ಲೂ ಇಲ್ಲ, ಕೇಳಿ ನೋಡಿದ್ದೇನೆ.

2015ರಲ್ಲಿ ನಿವೃತ್ತರಾದ ಅವರನ್ನು ಮರುವರ್ಷ ಯುಎಫ್‌ಸಿ ತನ್ನ ಗೌರವ ಮಂದಿರಕ್ಕೆ ಸೇರಿಸಿತು. ಮೇಷ್ಟ್ರಾದ ನನಗೆ ಪಟ್ಟಗಳಿಗಿಂತ ಹಿಡಿಸಿದ್ದು ಇನ್ನೊಂದು ಸಂಗತಿ. 2003ರಲ್ಲಿ ಸೋತು ಮನಮುರಿದು ಆಟವನ್ನೇ ಬಿಡಲು ಹೊರಟಿದ್ದ ಆಂಡರ್ಸನ್ ಸಿಲ್ವಾ ಎಂಬ ಹುಡುಗನನ್ನು ತಡೆದು, ಜೊತೆಗಿಟ್ಟುಕೊಂಡು ತಾಲೀಮು ಮಾಡಿಸಿ, ಕಪ್ಪು ಪಟ್ಟಿ ಕಟ್ಟಿದವರು ನೊಗೇರಾ. ಮುಂದೆ ಸಿಲ್ವಾ ಯುಎಫ್‌ಸಿಯಲ್ಲಿ ಸತತ ಹದಿನಾರು ಪಂದ್ಯ ಗೆದ್ದರು. ಅವರ ಇನ್ನೊಬ್ಬ ಶಿಷ್ಯ ಜೂನಿಯರ್ ಡೊಸ್ ಸಾಂಟೊಸ್, ಗುರುವನ್ನು ಸಿಡ್ನಿಯಲ್ಲಿ ಕೆಡವಿದ್ದ ವೆಲಾಸ್ಕೆಜ್ ಅವರಿಂದಲೇ ಪಟ್ಟ ಕಸಿದುಕೊಂಡರು.

ಇನ್ನು ಶಾಲೆಯ ವಿಷಯ. ಹೊರಳಾಟವನ್ನು ನಾನು ನಿಷೇಧಿಸುವುದಿಲ್ಲ. ನಿಷೇಧಿಸಿದರೆ ಅದು ಶೌಚಾಲಯದ ಹಿಂದಕ್ಕೆ ಹೋಗುತ್ತದೆ. ಕೊರಳು ಹಿಡಿಯುವುದನ್ನು ಮಾತ್ರ ಸಂಪೂರ್ಣವಾಗಿ ನಿಲ್ಲಿಸಿದ್ದೇನೆ, ಏಕೆಂದರೆ ಮೆದುಳಿಗೆ ಹೋಗುವ ರಕ್ತ ತಡೆದರೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ, ತಟ್ಟುವ ಅವಕಾಶವೂ ಇರುವುದಿಲ್ಲ. ಉಳಿದ ಪಟ್ಟುಗಳು ದೈಹಿಕ ಶಿಕ್ಷಕರ ಎದುರಿಗೆ, ಚಾಪೆಯ ಮೇಲೆ ಮಾತ್ರ. ಅಲ್ಲಿ ಮೊದಲ ಎರಡು ತರಗತಿಗಳಲ್ಲಿ ತಟ್ಟುವುದನ್ನೂ ತಟ್ಟಿದೊಡನೆ ಬಿಡುವುದನ್ನೂ ಬಿಟ್ಟು ಬೇರೇನನ್ನೂ ಕಲಿಸುವುದಿಲ್ಲ. ಇಚ್ಛೆಯುಳ್ಳ ಮಕ್ಕಳು, ಹುಡುಗಿಯರೂ ಸೇರಿ, ನಿಮ್ಮ ಒಪ್ಪಿಗೆಯ ಸಹಿ ತರಬೇಕು.

ಗಾಯಗೊಂಡ ಹುಡುಗನ ತಂದೆತಾಯಿಯವರೊಡನೆ ಮಾತನಾಡಿದ್ದೇನೆ. ಪಟ್ಟು ಹಾಕಿದ ಹುಡುಗನಿಗೆ ಶಿಕ್ಷೆ ಕೊಟ್ಟಿಲ್ಲ; ಗೆಳೆಯನ ಕೈ ಸರಿಹೋಗುವವರೆಗೆ ಅವನ ಟಿಪ್ಪಣಿಗಳನ್ನು ಬರೆದುಕೊಡುವ ಕೆಲಸವನ್ನು ಅವನೇ ಕೇಳಿ ಪಡೆದಿದ್ದಾನೆ. ಅಕ್ಷರ ಅಷ್ಟೇನೂ ದುಂಡಗಿಲ್ಲ.

ಬರುವ ಶನಿವಾರ ಬೆಳಿಗ್ಗೆ 10.30ಕ್ಕೆ ಶಾಲೆಯ ಸಭಾಂಗಣದಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಪೋಷಕರ ಸಭೆ ಇದೆ. ಟೊರಾಂಟೊ ಪಂದ್ಯವನ್ನು ಮೊದಲಿನಿಂದ, ಫೋರ್ಟಲೆಜಾ ಪಂದ್ಯವನ್ನು ಕೊನೆಯವರೆಗೆ ತೋರಿಸುತ್ತೇವೆ. ಮಕ್ಕಳನ್ನು ಜೊತೆಗೇ ಕರೆತನ್ನಿ.

ಇಂತಿ ತಮ್ಮ ವಿಶ್ವಾಸಿ,

ಮುಖ್ಯ ಶಿಕ್ಷಕರು